ಪತ್ರಿಕೆ ಕೊಟ್ಟ ಮಾತು

ಪತ್ರಿಕೋದ್ಯಮದಲ್ಲಿ ಎಷ್ಟು ಬಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಪುಟಗಳ ಪಟ್ಟಿ: ರಾಜಕೀಯ, ಅಪರಾಧ, ಕ್ರೀಡೆ, ಸಿನಿಮಾ, ಕೃಷಿ, ವಾಣಿಜ್ಯ. ಸುದ್ದಿಮನೆಯಲ್ಲಿ ಕೆಲಸ ಹಂಚಿಕೊಳ್ಳಲು ಈ ವಿಂಗಡಣೆ ಬೇಕು. ಓದುವವರಿಗೆ ಇದರಿಂದ ದಕ್ಕುವುದು ಕಡಿಮೆ. ಕ್ರಿಕೆಟ್ ಪಂದ್ಯದ ವರದಿಗೂ ವಿಧಾನಸಭೆಯ ಕಲಾಪದ ವರದಿಗೂ ಬರವಣಿಗೆಯ ಕ್ರಮದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಅದೇ ವಿಧಾನಸಭೆಯಲ್ಲಿ ಬಜೆಟ್ ಮಂಡನೆಯಾದ ಮರುದಿನದ ಪತ್ರಿಕೆ ತೆರೆದು ನೋಡಿ. ಒಂದೇ ಬಜೆಟ್ಟಿನ ಬಗ್ಗೆ ಮುಖಪುಟದಲ್ಲಿ ವರದಿ, ಒಳಗೆ ವಿಶ್ಲೇಷಣೆ, ನಡುಪುಟದಲ್ಲಿ ಸಂಪಾದಕೀಯ, ಪಕ್ಕದಲ್ಲೊಂದು ಅಂಕಣ, ಮೂಲೆಯಲ್ಲೊಂದು ವ್ಯಂಗ್ಯಚಿತ್ರ; ಭಾನುವಾರದ ಪುರವಣಿಯಲ್ಲಿ, ಹಿಂದಿನ ಬಜೆಟ್ಟಿನಲ್ಲಿ ಘೋಷಣೆಯಾದ ಆಸ್ಪತ್ರೆ ಅಡಿಪಾಯದಲ್ಲೇ ನಿಂತುಹೋದ ಊರಿನ ನುಡಿಚಿತ್ರ. ವಸ್ತು ಒಂದೇ. ಆದರೆ ವರದಿ ‘ಇದು ನಡೆದದ್ದು’ ಎಂದು ಮಾತು ಕೊಡುತ್ತದೆ, ಸಂಪಾದಕೀಯ ‘ಇದು ನಮ್ಮ ನಿಲುವು’ ಎನ್ನುತ್ತದೆ, ನುಡಿಚಿತ್ರ ‘ಅಲ್ಲಿಗೆ ಹೋಗಿ ಕಂಡದ್ದು’ ಎನ್ನುತ್ತದೆ. ಪತ್ರಿಕೋದ್ಯಮದ ಬಗೆಗಳನ್ನು ಬೇರ್ಪಡಿಸಬೇಕಾದ್ದು ಹೀಗೆ ಕೊಟ್ಟ ಮಾತಿನ ಮೇಲೆ ಎಂಬುದು ನನ್ನ ವಾದ. ಯಾವ ಬಗೆಯೂ ಇನ್ನೊಂದಕ್ಕಿಂತ ಮೇಲಲ್ಲ, ಕೀಳಲ್ಲ. ಒಂದರ ವೇಷ ತೊಟ್ಟು ಇನ್ನೊಂದು ಬಂದಾಗ ಓದುಗ ಮೋಸ ಹೋಗುತ್ತಾನೆ. ಮಜ್ಜಿಗೆಯನ್ನು ಮಜ್ಜಿಗೆ ಎಂದೇ ಮಾರುವವನ ಮೇಲೆ ಯಾರ ತಕರಾರೂ ಇಲ್ಲ. ಹಾಲಿನ ಲೆಕ್ಕದಲ್ಲಿ ಅಳೆದು ಕೊಟ್ಟರೆ ಜಗಳ.

ಕನ್ನಡದ ಮೊದಲ ಪತ್ರಿಕೆಯಲ್ಲೇ ಈ ಅರಿವು ಇತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ ‘ಮಂಗಳೂರ ಸಮಾಚಾರ’ ನಾಲ್ಕೇ ಪುಟಗಳ ಪಾಕ್ಷಿಕ. ಅಷ್ಟು ಸಣ್ಣ ಜಾಗದಲ್ಲೂ ಊರ ವರ್ತಮಾನಕ್ಕೆ ಒಂದು ತಲೆಬರಹ, ಹೊರಗಿನ ರಾಜ್ಯಗಳ ವರ್ತಮಾನಕ್ಕೆ ಇನ್ನೊಂದು, ಸರ್ಕಾರದ ಕಾನೂನಿಗೆ ಮತ್ತೊಂದು. ನೀತಿಮಾತು, ಕಥೆಗಳಿಗೆ ಬೇರೆಯದೇ ಜಾಗ. ಮತಪ್ರಚಾರಕ್ಕೆ ಬಂದ ಪಾದ್ರಿಗೆ ತನ್ನದೇ ಉದ್ದೇಶಗಳಿದ್ದವು, ನಿಜ. ಆದರೂ ಯಾವುದು ಸುದ್ದಿ, ಯಾವುದು ಉಪದೇಶ ಎಂದು ಓದುವವನಿಗೆ ಗೊತ್ತಾಗುವಂತೆ ಆತ ಗೆರೆ ಎಳೆದಿದ್ದ. ಇವತ್ತು ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ ಮೊಗ್ಲಿಂಗನ ಹೆಸರು ತಪ್ಪದೆ ಬರುತ್ತದೆ, ಆ ಗೆರೆಯ ಪ್ರಸ್ತಾಪ ಬರುವುದು ಅಪರೂಪ.

ಬಗೆಗಳಲ್ಲಿ ಅತಿ ಸರಳವಾಗಿ ಕಾಣುವುದು ದಿನದ ವರದಿ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿ, ಮುಖ್ಯವಾದದ್ದರಿಂದ ಕಡಿಮೆ ಮುಖ್ಯವಾದದ್ದಕ್ಕೆ ಇಳಿಯುವ ಈ ಕ್ರಮಕ್ಕೆ ತಲೆಕೆಳಗಾದ ಪಿರಮಿಡ್ ಎಂದು ಹೆಸರು. ಇದು ಮನುಷ್ಯರು ಸಹಜವಾಗಿ ಕಥೆ ಹೇಳುವ ರೀತಿಯಲ್ಲ. ಕಥೆ ಹೇಳುವವರು ಕೊನೆಯನ್ನು ಕೊನೆಗೇ ಇಟ್ಟುಕೊಳ್ಳುತ್ತಾರೆ. ಈ ಕ್ರಮ ಬೆಳೆದದ್ದು 19ನೇ ಶತಮಾನದಲ್ಲಿ, ತಂತಿ ಕಳಿಸುವಾಗ ಪದಕ್ಕೆ ಇಷ್ಟೆಂದು ಹಣ ತೆರಬೇಕಾಗಿದ್ದ ಕಾಲದಲ್ಲಿ. 1846ರಲ್ಲಿ ನ್ಯೂಯಾರ್ಕಿನ ಪತ್ರಿಕೆಗಳು ಸೇರಿ ಕಟ್ಟಿಕೊಂಡ ಅಸೋಸಿಯೇಟೆಡ್ ಪ್ರೆಸ್‌ನಂಥ ಸುದ್ದಿಸಂಸ್ಥೆಗಳು ಬೇರೆ ಬೇರೆ ಪಕ್ಷದ ಒಲವಿನ ಪತ್ರಿಕೆಗಳಿಗೆ ಒಂದೇ ಸುದ್ದಿಯನ್ನು ಮಾರಬೇಕಿತ್ತು. ಆದ್ದರಿಂದ ಅಭಿಪ್ರಾಯವನ್ನು ಸೋಸಿ ತೆಗೆದು, ಎಲ್ಲರೂ ಒಪ್ಪುವಷ್ಟನ್ನೇ ಕಳಿಸುವುದು ವ್ಯಾಪಾರಕ್ಕೂ ಅನುಕೂಲವಾಯಿತು. ಮೊಳೆ ಜೋಡಿಸುವ ಕಾಲದಲ್ಲಿ ಜಾಗ ಸಾಲದೆ ಹೋದರೆ ಉಪಸಂಪಾದಕ ವರದಿಯನ್ನು ಓದದೆಯೇ ಕೊನೆಯ ಪ್ಯಾರಾ ಕಿತ್ತುಹಾಕಬಹುದಿತ್ತು, ಅದೊಂದು ಲಾಭ ಬೇರೆ. ಹೀಗೆ ಖರ್ಚು, ಮಾರುಕಟ್ಟೆ, ಅಚ್ಚುಕೂಟ ಮೂರೂ ಸೇರಿ ರೂಪಿಸಿದ ಶೈಲಿಗೆ ಮುಂದೆ ‘ವಸ್ತುನಿಷ್ಠತೆ’ ಎಂಬ ಗೌರವದ ಹೆಸರು ಬಂತು. ಅದರ ದೌರ್ಬಲ್ಯವೂ ಅಲ್ಲೇ ಇದೆ. ಮಂತ್ರಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರೆ ವರದಿ ಸರಿಯಾಗಿರುತ್ತದೆ. ಮಂತ್ರಿ ಹೇಳಿದ್ದು ಸುಳ್ಳಾಗಿದ್ದರೂ ವರದಿ ಸರಿಯಾಗಿಯೇ ಇರುತ್ತದೆ. ಪತ್ರಿಕಾಗೋಷ್ಠಿಯಿಂದ ಪತ್ರಿಕಾಗೋಷ್ಠಿಗೆ ಓಡುವ ವರದಿಗಾರಿಕೆ ಯಾರನ್ನೂ ಎದುರು ಹಾಕಿಕೊಳ್ಳದೆ ದಶಕಗಟ್ಟಲೆ ನಡೆಯಬಲ್ಲದು.

ಆ ಕೊರತೆಯನ್ನು ತುಂಬುವುದು ತನಿಖಾ ವರದಿ. ಅದು ಕೊಡುವ ಮಾತು ಹೆಚ್ಚು ಭಾರದ್ದು: ಯಾರೋ ಮುಚ್ಚಿಟ್ಟಿದ್ದನ್ನು ನಾವು ಪುರಾವೆ ಸಮೇತ ತೆರೆದು ತೋರಿಸುತ್ತೇವೆ ಎಂಬುದು. 1980ರಲ್ಲಿ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು 30ಕ್ಕೂ ಹೆಚ್ಚು ಮಂದಿ ಆರೋಪಿಗಳ ಕಣ್ಣು ಚುಚ್ಚಿ ಆ್ಯಸಿಡ್ ಸುರಿದಿದ್ದನ್ನು ‘ಇಂಡಿಯನ್ ಎಕ್ಸ್‌ಪ್ರೆಸ್’ನ ಅರುಣ್ ಸಿನ್ಹಾ ಬಯಲಿಗೆ ತಂದರು. ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಬಡ ಆರೋಪಿಗೆ ಉಚಿತ ಕಾನೂನು ನೆರವು ಕೊಡಲೇಬೇಕೆಂಬ ತತ್ವ ಗಟ್ಟಿಯಾದ ತೀರ್ಪುಗಳಲ್ಲಿ ಅದೂ ಒಂದು. ಬೊಫೋರ್ಸ್ ಇನ್ನಷ್ಟು ಜಟಿಲವಾದ ಪಾಠ. 1986ರ ಮಾರ್ಚಿನಲ್ಲಿ ಸಹಿಯಾದ ಫಿರಂಗಿ ಒಪ್ಪಂದದಲ್ಲಿ ಲಂಚ ಕೈಬದಲಾಗಿದೆ ಎಂದು 1987ರ ಏಪ್ರಿಲಿನಲ್ಲಿ ಸ್ವೀಡಿಶ್ ರೇಡಿಯೋ ಹೇಳಿತು. ಜಿನೀವಾದಲ್ಲಿದ್ದ ಚಿತ್ರಾ ಸುಬ್ರಮಣಿಯಂ ದಾಖಲೆಗಳ ಬೆನ್ನು ಹತ್ತಿದರು. ‘ದಿ ಹಿಂದೂ’ ಅವುಗಳ ಪಡಿಯಚ್ಚನ್ನೇ ಪುಟಗಳಲ್ಲಿ ಮುದ್ರಿಸಿತು. ನಂಬುವುದಾದರೆ ಕಾಗದ ನೋಡಿ ನಂಬಿ ಎಂಬ ಧೋರಣೆ ಅದು. ಅದೇ ಹೊತ್ತಿನಲ್ಲಿ ಅಮಿತಾಭ್ ಬಚ್ಚನ್ ಕುಟುಂಬದ ಹೆಸರನ್ನು ಹಗರಣಕ್ಕೆ ಅಂಟಿಸಿದ ಸುದ್ದಿಯೂ ಸ್ವೀಡನ್ನಿನ ಪತ್ರಿಕೆಯೊಂದರಲ್ಲಿ ಬಂತು. ದಾಖಲೆಗಳನ್ನು ಹೊರಗೆ ಕೊಟ್ಟವರು ತಾವೇ ಎಂದು 2012ರಲ್ಲಿ ಹೇಳಿಕೊಂಡ ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್, ಬಚ್ಚನ್ ಹೆಸರು ತೇಲಿಬಿಟ್ಟದ್ದು, ಅದಕ್ಕೆ ಪುರಾವೆ ಇರಲಿಲ್ಲ ಎಂದೂ ಹೇಳಿದರು. ಎರಡು ಸುದ್ದಿಗಳಿಗೂ ತನಿಖೆಯ ಮೊಹರು ಬಿದ್ದಿತ್ತು. ಒಂದರ ಹಿಂದೆ ಕಾಗದಪತ್ರ ಇತ್ತು, ಇನ್ನೊಂದರ ಹಿಂದೆ ಯಾರೋ ಕಿವಿಯಲ್ಲಿ ಊದಿದ ಮಾತಿತ್ತು. ನಮ್ಮ ಪತ್ರಿಕೆಗಳಲ್ಲಿ ‘ಬಲ್ಲ ಮೂಲಗಳು ತಿಳಿಸಿವೆ’ ಎಂದು ಬರುವ ಬಹುಪಾಲು ‘ತನಿಖೆ’ಗಳು ಈ ಎರಡನೆಯ ಜಾತಿಯವು. ಒಬ್ಬ ಅಧಿಕಾರಿಯ ಮೇಲೆ ಇನ್ನೊಬ್ಬ ಅಧಿಕಾರಿಗಿರುವ ಸಿಟ್ಟು ಮರುದಿನ ಮುಖಪುಟದಲ್ಲಿ ಸ್ಫೋಟಕ ಸುದ್ದಿಯಾಗಿ ಕಾಣಿಸಿಕೊಳ್ಳುತ್ತದೆ.

ಗುಪ್ತ ಕ್ಯಾಮೆರಾದ ಕುಟುಕು ಕಾರ್ಯಾಚರಣೆಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. 2001ರಲ್ಲಿ ‘ತೆಹಲ್ಕಾ’ ರಕ್ಷಣಾ ಖರೀದಿಯ ದಲ್ಲಾಳಿತನವನ್ನು ಚಿತ್ರೀಕರಿಸಿದಾಗ ಕ್ಯಾಮೆರಾ ಪುರಾವೆಯಾಗಿತ್ತು. 2007ರಲ್ಲಿ ದೆಹಲಿಯ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆಗೆ ದೂಡುತ್ತಿದ್ದಾರೆಂದು ಟಿವಿ ವಾಹಿನಿಯೊಂದು ತೋರಿಸಿದಾಗ, ಕ್ಯಾಮೆರಾ ನಾಟಕದ ಸಲಕರಣೆಯಾಗಿತ್ತು. ಜನ ಶಾಲೆಗೆ ನುಗ್ಗಿ ಆಕೆಯ ಮೇಲೆ ಕೈ ಮಾಡಿದರು. ಆಮೇಲೆ ಪೊಲೀಸರು ನೋಡಿದರೆ ‘ವಿದ್ಯಾರ್ಥಿನಿ’ಯಾಗಿ ಕಾಣಿಸಿಕೊಂಡವಳು ವಿದ್ಯಾರ್ಥಿನಿಯೇ ಅಲ್ಲ. ಸರ್ಕಾರ ಆ ವಾಹಿನಿಯ ಪ್ರಸಾರವನ್ನು ಒಂದು ತಿಂಗಳು ನಿಲ್ಲಿಸಿತು.

ಇನ್ನು ನುಡಿಚಿತ್ರ ಮತ್ತು ಕಥನ ಶೈಲಿಯ ವರದಿ. ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದೂ ಹೆಚ್ಚು ಭಯ ಹುಟ್ಟಿಸುವುದೂ ಇದೇ. 1946ರ ಆಗಸ್ಟ್ 31ರ ‘ನ್ಯೂಯಾರ್ಕರ್’ ವಾರಪತ್ರಿಕೆ ಉಳಿದೆಲ್ಲ ಲೇಖನಗಳನ್ನು ಬದಿಗಿಟ್ಟು, ಇಡೀ ಸಂಚಿಕೆಯನ್ನು ಜಾನ್ ಹರ್ಸಿಯ ಹಿರೋಷಿಮಾ ವರದಿಗೆ ಬಿಟ್ಟುಕೊಟ್ಟಿತು. ಅಣುಬಾಂಬ್ ಬಿದ್ದು ವರ್ಷವಾಗಿತ್ತು; ಅಂಕಿಸಂಖ್ಯೆಗಳೆಲ್ಲ ಜಗತ್ತಿಗೆ ಗೊತ್ತಿದ್ದವು. ಹರ್ಸಿ ಮಾಡಿದ್ದು ಇಷ್ಟೇ: ಬದುಕುಳಿದ ಆರು ಮಂದಿಯನ್ನು ಹಿಡಿದು, ಬಾಂಬ್ ಬಿದ್ದ ಕ್ಷಣದಲ್ಲಿ ಅವರು ಎಲ್ಲಿದ್ದರು, ಆಮೇಲೆ ಏನು ಮಾಡಿದರು ಎಂದು ಕಾದಂಬರಿಯ ಹಾಗೆ ಹೆಣೆದು ಬರೆದ. ಒಂದು ವಿಶೇಷಣವನ್ನೂ ಜಾಸ್ತಿ ಬಳಸಲಿಲ್ಲ. ನಮ್ಮಲ್ಲಿ ಪಿ. ಸಾಯಿನಾಥ್ 1990ರ ದಶಕದ ಮೊದಲಲ್ಲಿ ದೇಶದ ಅತಿ ಬಡ ಜಿಲ್ಲೆಗಳಲ್ಲಿ ಅಲೆದು ‘ಟೈಮ್ಸ್ ಆಫ್ ಇಂಡಿಯಾ’ಕ್ಕೆ ಬರೆದ ವರದಿಗಳು 1996ರಲ್ಲಿ ಪುಸ್ತಕವಾದವು, ಜಿ.ಎನ್. ಮೋಹನ್ ಅನುವಾದದಲ್ಲಿ ಕನ್ನಡದ ಓದುಗರಿಗೆ ಅದು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಪರಿಚಿತ. ಅಲ್ಲಿ ವ್ಯಂಗ್ಯ ಇದೆ, ಕೋಪ ಇದೆ, ಪಕ್ಷಪಾತವೂ ಇದೆ; ಬಡವರ ಪರವಾದ ಆ ಪಕ್ಷಪಾತವನ್ನು ಲೇಖಕ ಮುಚ್ಚಿಟ್ಟುಕೊಳ್ಳುವುದಿಲ್ಲ. ಆದರೆ ಸರ್ಕಾರದ ಯೋಜನೆಗೆ ಎಷ್ಟು ಹಣ ಬಂತು, ಹೋದದ್ದು ಎಲ್ಲಿಗೆ ಎಂಬ ಲೆಕ್ಕ ಕೋಪದ ಕೆಳಗೆ ಗಟ್ಟಿಯಾಗಿ ನಿಂತಿರುತ್ತದೆ.

ಈ ಶೈಲಿ ಎಷ್ಟು ಸುಲಭವಾಗಿ ಕೈಕೊಡುತ್ತದೆ ಎನ್ನುವುದಕ್ಕೆ 2018ರ ಡಿಸೆಂಬರಿನಲ್ಲಿ ಜರ್ಮನಿಯ ‘ಡೆರ್ ಶ್ಪೀಗೆಲ್’ ಎದುರಿಸಿದ ಅವಮಾನ ಸಾಕ್ಷಿ. ಪ್ರಶಸ್ತಿಯ ಮೇಲೆ ಪ್ರಶಸ್ತಿ ಪಡೆದಿದ್ದ ಅದರ ವರದಿಗಾರ ಕ್ಲಾಸ್ ರೆಲೋಟಿಯಸ್ ಹಲವು ವರದಿಗಳಲ್ಲಿ ವ್ಯಕ್ತಿಗಳನ್ನೂ ಸಂಭಾಷಣೆಗಳನ್ನೂ ಕಟ್ಟಿ ಬರೆದದ್ದು ಬಯಲಾಯಿತು. ಅಮೆರಿಕದ ಫರ್ಗಸ್ ಫಾಲ್ಸ್ ಎಂಬ ಪುಟ್ಟ ಊರಿನ ಹೆಬ್ಬಾಗಿಲಲ್ಲಿ ಮೆಕ್ಸಿಕೊದವರು ಒಳಬರಕೂಡದು ಎಂಬ ಫಲಕ ಇದೆ ಎಂದು ಅವನು ಬರೆದಿದ್ದ. ಅಂಥ ಫಲಕವೇ ಇರಲಿಲ್ಲ ಎಂದು ಆ ಊರಿನವರೇ ತೋರಿಸಿಕೊಟ್ಟರು. ಬರಹಗಳನ್ನು ಪರಿಶೀಲಿಸುವುದಕ್ಕೆಂದೇ ದೊಡ್ಡ ವಿಭಾಗವಿರುವ ಪತ್ರಿಕೆ ಅದು. ಹೆಸರು, ತಾರೀಖು, ದೂರ ಇವನ್ನೆಲ್ಲ ಕಚೇರಿಯಲ್ಲಿ ಕುಳಿತು ಪರಿಶೀಲಿಸಬಹುದು. ಜೊತೆಗೆ ಯಾರೂ ಇಲ್ಲದಾಗ ವರದಿಗಾರ ಏನು ಕಂಡ ಎಂಬುದನ್ನು ಮಾತ್ರ ಅವನ ಮೇಲಿನ ನಂಬಿಕೆಯಿಂದಲೇ ಒಪ್ಪಬೇಕು. ವಿಚಿತ್ರವೆಂದರೆ ಅವನ ಬರಹಗಳು ಅಷ್ಟು ಚೆನ್ನಾಗಿದ್ದದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ನಿಜದ ಜನ ಅಷ್ಟು ಒಪ್ಪವಾಗಿ ಮಾತಾಡುವುದಿಲ್ಲ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. ಸುದ್ದಿ ಬೇರೆ, ಅಭಿಪ್ರಾಯ ಬೇರೆ ಎಂಬುದೇ ಒಂದು ನಟನೆ. ಯಾವುದನ್ನು ಮುಖಪುಟಕ್ಕೆ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಗಳಿಗೆಯಲ್ಲೇ ನಿಲುವು ಒಳಬಂದಿರುತ್ತದೆ ಎನ್ನುವವರಿದ್ದಾರೆ. ಅವರ ಮಾತಿಗೆ ಇತಿಹಾಸದ ಬೆಂಬಲವಿದೆ. ಅಂಬೇಡ್ಕರ್ 1920ರ ಜನವರಿ 31ರಂದು ‘ಮೂಕನಾಯಕ’ ಆರಂಭಿಸಿದ್ದು ಅಂದಿನ ಪತ್ರಿಕೆಗಳು ಅಸ್ಪೃಶ್ಯರ ಬದುಕನ್ನು ಸುದ್ದಿ ಎಂದೇ ಎಣಿಸದಿದ್ದ ಕಾರಣಕ್ಕೆ. ಹಣ ಕೊಡುತ್ತೇವೆಂದರೂ ‘ಕೇಸರಿ’ ತಮ್ಮ ಪತ್ರಿಕೆಯ ಜಾಹೀರಾತನ್ನು ಪ್ರಕಟಿಸಲು ಒಪ್ಪಲಿಲ್ಲ ಎಂದು ಅವರು ಮುಂದೆ ಬರೆದರು. ತಟಸ್ಥ ಎನಿಸಿಕೊಂಡ ಪುಟ ಯಾರನ್ನು ಹೊರಗಿಟ್ಟಿದೆ ಎಂಬುದು ಹೊರಗಿರುವವರಿಗಷ್ಟೇ ಕಾಣುತ್ತದೆ. ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ ‘ಎಲ್ಲವೂ ಅಭಿಪ್ರಾಯವೇ, ಆದ್ದರಿಂದ ಯಾರು ಏನು ಬರೆದರೂ ಸರಿ’ ಎಂಬ ತೀರ್ಮಾನ ಹುಟ್ಟುವುದಿಲ್ಲ. ‘ಮೂಕನಾಯಕ’ ಯಾರ ಪರ ಎಂಬುದನ್ನು ಹೆಸರಿನಲ್ಲೇ ಹೇಳಿಕೊಂಡಿತ್ತು. ಚಳವಳಿಯ ಪತ್ರಿಕೆ ತಾನು ಚಳವಳಿಯದು ಎಂದು ಹೇಳಿಕೊಂಡಾಗ ಓದುಗ ಆ ಲೆಕ್ಕ ಹಿಡಿದೇ ಓದುತ್ತಾನೆ. ಆಯ್ಕೆಯಲ್ಲಿ ನಿಲುವು ಇರುತ್ತದೆ. ಸತ್ತವರು ಎಷ್ಟು ಮಂದಿ, ಆದೇಶಕ್ಕೆ ಸಹಿ ಹಾಕಿದವರು ಯಾರು ಎಂಬುದು ನಿಲುವಿಗೆ ತಕ್ಕಂತೆ ಬದಲಾಗುವುದಿಲ್ಲ.

ಕನ್ನಡದವರು ಇನ್ನೊಂದು ಆಕ್ಷೇಪ ಎತ್ತಬಹುದು, ಅದು ಇನ್ನೂ ಹತ್ತಿರದ್ದು: ಈ ಗೆರೆಗಳನ್ನೆಲ್ಲ ಅಳಿಸಿಹಾಕಿಯೇ ‘ಲಂಕೇಶ್ ಪತ್ರಿಕೆ’ ಗೆದ್ದಿತಲ್ಲ? 1980ರ ಜುಲೈನಲ್ಲಿ ಆರಂಭವಾದ ಆ ವಾರಪತ್ರಿಕೆಯಲ್ಲಿ ವರದಿಯೊಳಗೆ ಲೇವಡಿ, ಸಂಪಾದಕೀಯದೊಳಗೆ ಕಾವ್ಯ, ರಾಜಕಾರಣಿಗಳಿಗೆ ಅಡ್ಡಹೆಸರು. ಗುಂಡೂರಾವ್ ಸರ್ಕಾರದ ಮೇಲೆ ವಾರವಾರವೂ ದಾಳಿ. ಅದೇ ಪುಟಗಳಲ್ಲಿ ತೇಜಸ್ವಿ ಬರೆದರು, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ಗೆರೆಗಳು ಅಲ್ಲಿ ಕಲಸಿಹೋಗಿದ್ದವು, ಅನುಮಾನವಿಲ್ಲ. ಕೆಲವು ವರದಿಗಳು ಊಹೆಯ ಮೇಲೆ ನಿಂತಿದ್ದವು ಎಂಬ ದೂರೂ ಇತ್ತು, ಮಾನಹಾನಿ ಮೊಕದ್ದಮೆಗಳೂ ಇದ್ದವು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಪತ್ರಿಕೆಯ ಹೆಸರೇ ಸಂಪಾದಕನ ಹೆಸರು. ಇದು ಒಬ್ಬ ಮನುಷ್ಯನ ಕಣ್ಣಿಗೆ ಕಂಡ ಕರ್ನಾಟಕ ಎಂದು ಮುಖಪುಟವೇ ಸಾರುತ್ತಿತ್ತು. ಎರಡನೆಯದು, ಅದು ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಓದುಗ ಕೊಟ್ಟ ಕಾಸಿನಲ್ಲೇ ನಡೆಯುತ್ತಿತ್ತು. ಯಾರ ಮಾತು, ಯಾರ ದುಡ್ಡು ಎರಡೂ ಬಯಲಲ್ಲೇ ಇದ್ದವು. ಮುಂದೆ ಅದರ ಆಕಾರ, ಮೊನಚು, ಅಡ್ಡಹೆಸರಿನ ಚಟ ಇಷ್ಟನ್ನೇ ನಕಲು ಮಾಡಿದ ಎಷ್ಟೋ ಟ್ಯಾಬ್ಲಾಯ್ಡ್‌ಗಳು ಜಿಲ್ಲೆಜಿಲ್ಲೆಯಲ್ಲಿ ಹುಟ್ಟಿದವು. ಅವುಗಳಲ್ಲಿ ಕೆಲವು ಸುದ್ದಿ ಪ್ರಕಟಿಸಿದ್ದಕ್ಕಿಂತ ಪ್ರಕಟಿಸದೆ ಉಳಿಸಿಕೊಂಡು ಗಳಿಸಿದ್ದೇ ಹೆಚ್ಚು. ರೋಲ್‌ಕಾಲ್ ಪತ್ರಿಕೆ ಎಂದು ಜನ ಅದಕ್ಕೆ ಹೆಸರಿಟ್ಟಿದ್ದಾರೆ, ವಿವರಣೆ ಬೇಕಿಲ್ಲ.

ಟಿವಿಯ ಸಂಜೆ ಚರ್ಚೆಗಳ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಕ್ಯಾಮೆರಾ ತಂಡವನ್ನು ರಾಯಚೂರಿಗೋ ಕಾರವಾರಕ್ಕೋ ಕಳಿಸುವುದಕ್ಕಿಂತ ನಾಲ್ಕು ಜನರನ್ನು ಸ್ಟುಡಿಯೋದಲ್ಲಿ ಕೂರಿಸುವುದು ಅಗ್ಗ. ವಾದಕ್ಕೆ ಸುದ್ದಿಯ ಹೊತ್ತನ್ನು ಬಿಟ್ಟುಕೊಟ್ಟದ್ದರ ಮುಖ್ಯ ಕಾರಣ ಇದೇ ಎಂದು ನನ್ನ ಗುಮಾನಿ. ಅಲ್ಲಿ ನಿರೂಪಕ ವಾದಿಯೂ ಹೌದು, ನ್ಯಾಯಾಧೀಶನೂ ಹೌದು. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ನಂತರ ನಡೆದ ಟಿವಿ ವಿಚಾರಣೆಯ ಬಗ್ಗೆ 2021ರ ಜನವರಿಯಲ್ಲಿ ತೀರ್ಪು ಕೊಟ್ಟ ಬಾಂಬೆ ಹೈಕೋರ್ಟ್, ಇಂಥ ಮಾಧ್ಯಮ ವಿಚಾರಣೆ ನ್ಯಾಯದಾನಕ್ಕೇ ಅಡ್ಡಿ ಎಂದಿತು. ಅಭಿಪ್ರಾಯಕ್ಕೆ ತನಿಖೆಯ ಸಮವಸ್ತ್ರ ತೊಡಿಸಿದರೆ ಆಗುವ ಅನಾಹುತ ಅದು.

ಇದಕ್ಕೆ ತೀರಾ ವಿರುದ್ಧ ತುದಿಯಲ್ಲಿರುವುದು ದತ್ತಾಂಶ ಪತ್ರಿಕೋದ್ಯಮ. ಹೆಸರು ಹೊಸದು, ಕಸುಬು ಹಳೆಯದು: 1821ರಲ್ಲಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ತನ್ನ ಮೊದಲ ಸಂಚಿಕೆಯಲ್ಲೇ ಊರಿನ ಶಾಲೆಗಳಲ್ಲಿ ಓದುವ ಮಕ್ಕಳ ಸಂಖ್ಯೆಯ ಕೋಷ್ಟಕ ಹಾಕಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿ ವಿವರ ಬಹಿರಂಗಪಡಿಸಲು ಹೇಳಿದಾಗ ಈ ಕಸುಬಿನ ಬೆಲೆ ಎಲ್ಲರಿಗೂ ಕಂಡಿತು. ಮಾರ್ಚ್ 14ರಂದು ಚುನಾವಣಾ ಆಯೋಗ ಹಾಕಿದ್ದು ಎರಡು ಬೇರೆ ಬೇರೆ ಪಟ್ಟಿ: ಕೊಂಡವರದೊಂದು, ನಗದು ಮಾಡಿಕೊಂಡ ಪಕ್ಷಗಳದೊಂದು. ಬಾಂಡಿನ ಸಂಖ್ಯೆಗಳು ಸಿಕ್ಕಿದ್ದು ಮಾರ್ಚ್ 21ರಂದು. ಆ ಸಾವಿರಾರು ಸಾಲುಗಳನ್ನು ಒಂದಕ್ಕೊಂದು ಹೊಂದಿಸಿ, ಯಾವ ಕಂಪನಿಯ ಮೇಲೆ ದಾಳಿ ಯಾವಾಗ ನಡೆಯಿತು, ಅದು ಬಾಂಡ್ ಕೊಂಡದ್ದು ಯಾವಾಗ ಎಂದು ಪಕ್ಕಪಕ್ಕ ಇಟ್ಟು ತೋರಿಸಿದ್ದು ವರದಿಗಾರರು. 1,368 ಕೋಟಿ ರೂಪಾಯಿಯ ಬಾಂಡ್ ಕೊಂಡು ಎಲ್ಲರಿಗಿಂತ ಮೇಲಿದ್ದದ್ದು ಒಂದು ಲಾಟರಿ ಕಂಪನಿ. ಇಲ್ಲಿ ಓದುಗ ಯಾರನ್ನೂ ನಂಬಬೇಕಾಗಿಲ್ಲ. ಬೇಕಿದ್ದರೆ ಪಟ್ಟಿ ತೆರೆದು ತಾನೇ ಕೂಡಿಸಿ ನೋಡಬಹುದು. ಆದರೂ ಎರಡು ತಾರೀಖುಗಳು ಅಕ್ಕಪಕ್ಕ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಾಬೀತಾಗುವುದಿಲ್ಲ, ಆ ಎಚ್ಚರ ಎಲ್ಲ ವರದಿಗಳಲ್ಲೂ ಇರಲಿಲ್ಲ.

ಮೊಬೈಲಿನಲ್ಲಿ ಓದುವವರಿಗೆ ಪುಟವೇ ಇಲ್ಲ, ಅಲ್ಲಿ ಈ ಬಗೆಗಳ ಮಾತೇಕೆ ಎಂದು ಕೇಳಬಹುದು. ಸಂಪಾದಕೀಯ ಪುಟ ಎಂಬ ಚೌಕಟ್ಟು ಹೋಗಿದೆ, ಅಂಕಣದ ಒಂದು ಸಾಲು ಕತ್ತರಿಸಿಕೊಂಡು ವಾಟ್ಸ್‌ಆ್ಯಪಿನಲ್ಲಿ ಸುದ್ದಿಯಾಗಿ ಓಡಾಡುತ್ತದೆ ಎನ್ನುವುದು ಸತ್ಯ. ಹಾಗಾದರೆ ಗೆರೆಯನ್ನು ಪುಟದ ಬದಲು ವಾಕ್ಯದೊಳಗೇ ಎಳೆಯಬೇಕಾಗುತ್ತದೆ: ಹೇಳಿದವರು ಯಾರು, ಕಂಡವರು ಯಾರು, ಕಾಗದ ಯಾವುದು ಎಂಬುದು ಕತ್ತರಿಸಿದರೂ ಉಳಿಯುವ ಹಾಗೆ. ‘ಎನ್ನಲಾಗಿದೆ’ ಎಂದು ಮುಗಿಯುವ ವಾಕ್ಯಕ್ಕೆ ಈ ಕಾಲದಲ್ಲಿ ಹಿಂದಿಗಿಂತ ಹೆಚ್ಚು ಹೆದರಬೇಕು.

ವೇಷಗಳಲ್ಲೆಲ್ಲ ಕೆಟ್ಟದ್ದು ಜಾಹೀರಾತು ತೊಡುವ ಸುದ್ದಿಯ ವೇಷ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಅಂದಿನ ಮುಖ್ಯಮಂತ್ರಿಯನ್ನು ಹೊಗಳುವ ಒಂದೇ ಬರಹ, ಪರಸ್ಪರ ಪೈಪೋಟಿಯಲ್ಲಿದ್ದ ಮರಾಠಿ ಪತ್ರಿಕೆಗಳಲ್ಲಿ ಅಕ್ಷರವೂ ಬದಲಾಗದೆ ಪ್ರಕಟವಾದದ್ದನ್ನು ಸಾಯಿನಾಥ್ ‘ದಿ ಹಿಂದೂ’ನಲ್ಲಿ ಬರೆದರು, ದುಡ್ಡು ಕೊಟ್ಟು ಬರೆಸಿದ್ದೆಂಬ ಆರೋಪವನ್ನು ಆ ಮುಖ್ಯಮಂತ್ರಿ ಅಲ್ಲಗಳೆದರು. ಭಾರತೀಯ ಪತ್ರಿಕಾ ಮಂಡಳಿ ನೇಮಿಸಿದ ಇಬ್ಬರ ಉಪಸಮಿತಿ 2010ರಲ್ಲಿ ಪತ್ರಿಕೆಗಳ ಹೆಸರು ಹಿಡಿದು ವರದಿ ಕೊಟ್ಟಿತು. ಮಂಡಳಿ ಹೆಸರುಗಳನ್ನು ತೆಗೆದು ಚಿಕ್ಕದು ಮಾಡಿ ಹೊರಬಿಟ್ಟಿತು; ಪೂರ್ತಿ ವರದಿ ಸಾರ್ವಜನಿಕರ ಕೈಗೆ ಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗವೇ ಆದೇಶ ಮಾಡಬೇಕಾಯಿತು. ನಮ್ಮ ತಾಲ್ಲೂಕು ಮಟ್ಟದಲ್ಲಿ ಇದರ ಸಣ್ಣ ರೂಪ ಎಲ್ಲರ ಕಣ್ಣೆದುರೇ ಇದೆ. ಅರೆಕಾಲಿಕ ವರದಿಗಾರನಿಗೆ ಸಿಗುವುದು ಸಂಬಳವಲ್ಲ, ಅಲ್ಪ ಗೌರವಧನ. ವಿಶೇಷ ಪುರವಣಿ ಬಂದಾಗ ಜಾಹೀರಾತು ತರುವ ಹೊಣೆಯೂ ಅವನ ಮೇಲೆ ಬೀಳುವುದುಂಟು. ಗುತ್ತಿಗೆದಾರನಿಂದ ಬೆಳಿಗ್ಗೆ ಜಾಹೀರಾತು ಕೇಳಿದವನು ಸಂಜೆ ಅದೇ ಗುತ್ತಿಗೆದಾರ ಹಾಕಿದ ರಸ್ತೆಯ ಗುಂಡಿಯ ಬಗ್ಗೆ ಬರೆಯಬೇಕು. ಇದನ್ನು ವರದಿಗಾರನ ನೈತಿಕತೆಯ ಪ್ರಶ್ನೆ ಮಾಡಿ ಉಪದೇಶ ಕೊಡುವುದು ಅನ್ಯಾಯ; ಅವನ ತಟ್ಟೆಗೆ ಅನ್ನ ಎಲ್ಲಿಂದ ಬರಬೇಕು ಎಂದು ತೀರ್ಮಾನಿಸಿದವರು ಬೇರೆ ಕಡೆ ಕೂತಿದ್ದಾರೆ. ಪತ್ರಿಕಾ ಮಂಡಳಿಗೆ 1978ರ ಕಾಯ್ದೆ ಕೊಟ್ಟಿರುವ ಅಧಿಕಾರ ಎಚ್ಚರಿಸುವುದು, ಛೀಮಾರಿ ಹಾಕುವುದು, ಅಷ್ಟೇ. ಟಿವಿ ಅದರ ವ್ಯಾಪ್ತಿಗೇ ಬರುವುದಿಲ್ಲ. ಕಾಸಿಗಾಗಿ ಸುದ್ದಿಯನ್ನು ಜನಪ್ರತಿನಿಧಿ ಕಾಯ್ದೆಯ ಅಡಿ ಚುನಾವಣಾ ಅಕ್ರಮ ಎಂದು ಸೇರಿಸಿ ಎಂದು ಮಂಡಳಿ ಕೇಳಿತು, 2015ರ ಮಾರ್ಚಿನಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಅದನ್ನೇ ಹೇಳಿತು. ಆ ತಿದ್ದುಪಡಿಗೆ ಸದನದಲ್ಲಿ ಕೈ ಎತ್ತಬೇಕಾದವರು, ಚುನಾವಣೆ ಬಂದಾಗ ಇಂಥ ಸುದ್ದಿ ಬರೆಸಿಕೊಂಡ ಆರೋಪ ಹೊತ್ತ ಪಕ್ಷಗಳವರೇ. ಅದು ಇನ್ನೂ ಆಗಿಲ್ಲ.